ಆಲೂಗಡ್ಡೆ ಕಣ್ಣಲ್ಲಿ ಕಪ್ಪು ಹಿಕ್ಕೆ, ರಾಶಿ ಮೇಲೆ ಬೂದು ಚಿಟ್ಟೆ

ಇದು ಗೆಡ್ಡೆ ಕೊರೆಯುವ ಪತಂಗವೇ ಇರಬೇಕು. ಮನೆಯಲ್ಲಿ ಬಿತ್ತನೆಗೆ ಇಟ್ಟ ಗೆಡ್ಡೆಯ ಕಣ್ಣಲ್ಲಿ ಕಪ್ಪು ಹಿಕ್ಕೆ, ಸಂಜೆ ಬೂದು ಚಿಟ್ಟೆ ಹಾರಾಟ ಅಂದಿರಲ್ಲ, ಎರಡೂ ಅದರದೇ ಗುರುತು. ಹಾಸನದಂಥ ಆಲೂಗಡ್ಡೆ ಸೀಮೆಯಲ್ಲಿ ಇದನ್ನು ಹಗುರವಾಗಿ ತಗೋಬೇಡಿ. ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ, ಒಂದು ಗೆಡ್ಡೆ ಕುಯ್ದು ನೋಡಿ. ಒಳಗೆ ಸುರಂಗ, ಕಂದು ತಲೆಯ ಬಿಳಿ ಇಲ್ಲವೇ ನಸುಗುಲಾಬಿ ಹುಳು ಇದ್ದರೆ ಅದೇ. ಹುಳುವಿಲ್ಲದೆ ಬರೀ ಕೊಳೆತು ನೀರಾಗಿದ್ದರೆ ಬೇರೆ ರೋಗ.

ಪತಂಗ ರೆಕ್ಕೆ ಬಿಚ್ಚಿದರೂ ಸುಮಾರು 1.5 ಸೆಂ.ಮೀ. ಅಷ್ಟೇ. ಹಗಲು ಮೂಲೆಯಲ್ಲಿ ಅಡಗಿರುತ್ತದೆ. ಮೊಟ್ಟೆ ಇಡುವುದು ಗೆಡ್ಡೆಯ ಕಣ್ಣಿನ ಗುಳಿಯಲ್ಲಿ. ಹುಳು ಒಳಗೇ ತಿಂದು ಬೆಳೆದು, ಹೊರಬಂದು ಚೀಲದ ಮಡಿಕೆಯಲ್ಲೋ ಗೋಡೆ ಬಿರುಕಲ್ಲೋ ನೂಲಿನ ಗೂಡು ಕಟ್ಟುತ್ತದೆ. ಬೆಚ್ಚಗಿದ್ದರೆ 3-4 ವಾರದಲ್ಲಿ ಹೊಸ ಪತಂಗ ತಯಾರು. ರಾಶಿಯನ್ನು ಸುಮ್ನೆ ಬಿಟ್ಟರೆ ಬಿತ್ತನೆಗೆ ಏನೂ ಉಳಿಯಲ್ಲ.

ಇವತ್ತೇ ಇಡೀ ರಾಶಿ ಬಿಚ್ಚಿ ಆರಿಸಿ. ತೂತು ಬಿದ್ದದ್ದನ್ನು ತಿಪ್ಪೆಗೆ ಹಾಕಬೇಡಿ, ಆಳವಾಗಿ ಹೂಳಿ. ಹಳೇ ಚೀಲ ಬೇಡವೇ ಬೇಡ. ಕೋಣೆ ಗುಡಿಸಿ, ಬಿರುಕು ಮುಚ್ಚಿ. ಆಮೇಲೆ ಒಳ್ಳೆ ಗೆಡ್ಡೆ ಹರಡಿ, ಮೇಲೆ 2-3 ಸೆಂ.ಮೀ. ಒಣ ಮರಳು ಮುಚ್ಚಿ. ಒಣಗಿದ ಲಂಟಾನ ಎಲೆಯೂ ಆಗುತ್ತದೆ, ನಮ್ಮ ಕಡೆ ಬೇಲಿಯಲ್ಲೇ ಸಿಗುತ್ತದಲ್ವಾ. ಕಣ್ಣಿಗೆ ಬೀಳದ ಮೊಟ್ಟೆ ಉಳಿದಿರುತ್ತದೆ, ಹಾಗಾಗಿ ಎರಡು ವಾರ ಬಿಟ್ಟು ಮತ್ತೆ ಆರಿಸಿ. ಗೆಡ್ಡೆ ಜಾಸ್ತಿ ಇದ್ದರೆ ಆರಿಸಿದ ಮೇಲೆ ಕೋಲ್ಡ್ ಸ್ಟೋರೇಜಿಗೆ ಹಾಕಿ, ಆ ಚಳಿಯಲ್ಲಿ ಹುಳು ಬೆಳೆಯಲ್ಲ.

ಮುಂದಿನ ಬೆಳೆಗೆ ಬುಡಕ್ಕೆ ಚೆನ್ನಾಗಿ ಮಣ್ಣೇರಿಸಿ, ಕಿತ್ತ ಗೆಡ್ಡೆಯನ್ನು ರಾತ್ರಿ ಹೊಲದಲ್ಲಿ ಬಿಡಬೇಡಿ.