ವಿಧಿ ಬರೆದಿದ್ದಾದ್ರೆ ಈಡಿಪಸ್ ಮಾಡಿದ ತಪ್ಪಾದ್ರೂ ಏನು?

ಹಾಸನದಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ರಿಟೈರ್ ಆದೆ, ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ 'ದೊರೆ ಈಡಿಪಸ್' ನಾಟಕದ ಈ ಒಂದು ಪ್ರಶ್ನೆ ಮಾತ್ರ ಬೆನ್ನು ಬಿಡ್ತಿಲ್ಲ. ಪರೀಕ್ಷೆ ಹತ್ರ ಬಂದ್ರೆ ಮೆಸೇಜು, ಮದುವೆ ಮನೇಲಿ ಊಟಕ್ಕೆ ಕೂತ್ರೆ ಪಕ್ಕದೆಲೆಯವರು, ಎಲ್ರೂ ಅದನ್ನೇ ಕೇಳ್ತಾರೆ. ಸಿಟ್ಟು ಬರೋದು ಪ್ರಶ್ನೆ ಮೇಲಲ್ಲ, ಅದಕ್ಕೆ ಗೈಡುಗಳಲ್ಲಿ ಅಚ್ಚಾಗಿರೋ ಉತ್ತರದ ಮೇಲೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಸಾರ್, ಅಪ್ಪನ್ನ ಕೊಂದು ಅಮ್ಮನ್ನ ಮದುವೆ ಆಗ್ತಾನೆ ಅಂತ ದೇವವಾಣಿ ಮೊದ್ಲೇ ಹೇಳಿತ್ತು, ಈಡಿಪಸ್ ಅದನ್ನ ತಪ್ಪಿಸೋಕೆ ಊರೇ ಬಿಟ್ಟ, ಆದ್ರೂ ಹಾಗೇ ಆಯ್ತು. ಅವನ ತಪ್ಪೇನು? ಗೈಡಲ್ಲಿ 'ಅಹಂಕಾರವೇ ಅವನ ದುರಂತ ದೋಷ' ಅಂತಿದೆ, ಅದನ್ನೇ ಬರೀಲಾ? (ಬಿ.ಎ. ವಿದ್ಯಾರ್ಥಿ, ಅರಸೀಕೆರೆ)

ಬರೀಬೇಡ ಕಣಪ್ಪ. ಮಾರ್ಕ್ಸ್ ಒಂದು ಕಮ್ಮಿ ಬಂದ್ರೂ ಪರವಾಗಿಲ್ಲ, ಬರೀಬೇಡ.

ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ 13ನೇ ಅಧ್ಯಾಯದಲ್ಲಿ ಬಳಸಿದ ಪದ 'ಹಮಾರ್ಶಿಯಾ'. ಬಾಣ ಗುರಿ ತಪ್ಪೋದಕ್ಕೂ ಗ್ರೀಕರು ಅದೇ ಮಾತು ಆಡ್ತಿದ್ರು. ನಾಯಕ ಕೆಳಗೆ ಬೀಳೋದು ಕೆಟ್ಟತನದಿಂದಲ್ಲ, ಒಂದು ದೊಡ್ಡ ಹಮಾರ್ಶಿಯಾದಿಂದ, ಅಂದ್ರೆ ಎಡವಿದ್ದರಿಂದ ಅಂತ ಅವನು ಬಿಡಿಸಿ ಹೇಳಿದಾನೆ. ಅದನ್ನ ಸ್ವಭಾವದ ಹುಳುಕು ಅಂತ ತಿರುಚಿ, ಅದಕ್ಕೆ ಅಹಂಕಾರ ಅಂತ ಹೆಸರಿಟ್ಟು, ಗೈಡಿನವರು ಎಲ್ಲಾ ನಾಯಕರಿಗೂ ಒಂದೇ ಅಳತೆ ಅಂಗಿ ಹೊಲಿದು ಹಾಕ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಬೋರ್ಡ್ ಮೇಲೆ ಅದನ್ನೇ ಬರೆದಿದ್ದೆ. ಹಿಂದಿನ ಬೆಂಚಿಂದ ಒಂದು ಹುಡುಗಿ ಎದ್ದು ನಿಂತ್ಲು. ಆ ವರ್ಷ ನಮ್ಮ ಕಡೆ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಹೊಲ ಹೊಲಾನೇ ಕಪ್ಪಾಗಿ ಕೊಳೆತಿತ್ತು, ಬಿತ್ತನೆಗೆ ಸಾಲ ಮಾಡಿದ್ದ ಅವರಪ್ಪ ಅದೇ ಕೊರಗಲ್ಲಿ ಹಾಸಿಗೆ ಹಿಡಿದು ತೀರಿಕೊಂಡಿದ್ರು. "ಸಾರ್, ನಮ್ಮಪ್ಪನಿಗೆ ಏನು ಅಹಂಕಾರ ಇತ್ತು?" ಅಂದ್ಲು. ನನ್ನ ಬಾಯಲ್ಲಿ ಮಾತೇ ಬರ್ಲಿಲ್ಲ. ಬೋರ್ಡ್ ಒರೆಸಿದೆ, ಆವತ್ತಿನ ಪಾಠ ಅಲ್ಲಿಗೇ ನಿಂತ್ಹೋಯ್ತು. ಆಮೇಲೆ ನಾಟಕ ಮತ್ತೆ ಮೊದಲಿಂದ ಓದ್ದೆ, ನೋಡಿದ್ರೆ ಅದು ಶುರುವಾಗೋದೇ ಬೆಳೆಗೆ ರೋಗ ಬಿದ್ದ ಊರಿಂದ, ಈಡಿಪಸ್ ಆಳೋ ಥೀಬ್ಸ್‌ನಲ್ಲಿ ಫಸಲು ಮೊಗ್ಗಲ್ಲೇ ಸುಟ್ಟು ಹೋಗ್ತಿದೆ, ದನ ಸಾಯ್ತಿವೆ, ಜನ ಅರಮನೆ ಮುಂದೆ ಬಂದು ಕೂತು ಹೇಗಾದ್ರೂ ಕಾಪಾಡು ಅಂತ ಬೇಡ್ತಿದಾರೆ.

ಈಗ ಅವನು ಏನು ಮಾಡ್ದ ಅನ್ನೋದನ್ನ ಹತ್ರದಿಂದ ನೋಡು. ಅವನು ಬೆಳೆದ ಕೊರಿಂತ್‌ನಲ್ಲಿ ಒಂದು ಔತಣದ ದಿನ ಕುಡಿದೋನೊಬ್ಬ ನೀನು ನಿಮ್ಮಪ್ಪನ ಮಗನೇ ಅಲ್ಲ ಅಂದ. ಸಾಕಿದ ಅಪ್ಪ ಅಮ್ಮ ಅದೆಲ್ಲ ಸುಳ್ಳು ಅಂದ್ರೂ ಅವನ ಮನಸ್ಸು ಕೇಳ್ಲಿಲ್ಲ, ದೇವವಾಣಿ ಕೇಳೋಕೆ ಡೆಲ್ಫಿಯ ಗುಡಿಗೆ ಹೋದ. ಇವನು ಕೇಳಿದ್ದು ನನ್ನ ತಂದೆ ತಾಯಿ ಯಾರು ಅಂತ, ದೇವವಾಣಿ ಅದಕ್ಕೆ ಉತ್ತರಾನೇ ಕೊಡದೆ ಕೊಲೆ, ಮದುವೆ ಅಂತ ಬೇರೇನೇ ಹೇಳಿ ಕಳಿಸ್ತು. ವಾಪಸ್ ಮನೆಗೆ ಹೋಗಲ್ಲ ಅಂತ ದಾರಿ ಬದಲಿಸ್ದ. ಮೂರು ದಾರಿ ಕೂಡೋ ಜಾಗ, ನಮ್ಮಲ್ಲಿ ದೃಷ್ಟಿ ತೆಗೆದು ಎಸೀತಾರಲ್ಲ ಅಂಥದ್ದು, ಎದುರಿಂದ ಗಾಡಿ ಬಂತು. ಪಕ್ಕಕ್ಕೆ ಸರಿ ಅಂತ ನೂಕಿದ್ರು, ಇವನು ಒಂದೇಟು ಕೊಟ್ಟ, ಗಾಡೀಲಿದ್ದ ಮುದುಕ ಮುಳ್ಳುಕೋಲಿಂದ ಇವನ ತಲೆಗೇ ಹೊಡೆದ. ಸಿಟ್ಟು ನೆತ್ತಿಗೇರ್ತು, ಮುದುಕನೂ ಸತ್ತ, ಜೊತೇಲಿದ್ದವರೂ ಸತ್ರು, ಒಬ್ಬ ಮಾತ್ರ ತಪ್ಪಿಸ್ಕೊಂಡ. ಆ ಮುದುಕನೇ ಹೆತ್ತಪ್ಪ, ಥೀಬ್ಸ್‌ನ ರಾಜ ಲೇಯಸ್. ಮುಂದೆ ಇವನು ಅದೇ ಊರಿಗೆ ರಾಜನಾಗಿ, ಲೇಯಸ್‌ನ ವಿಧವೆ ಜೊಕಾಸ್ಟಾಳನ್ನ, ಅಂದ್ರೆ ಹೆತ್ತ ತಾಯಿಯನ್ನೇ, ಗೊತ್ತಿಲ್ಲದೆ ಮದುವೆ ಆದ.

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನ ಹೀಗೆ ಹೇಳ್ತೀನಿ. ಇಂಥ ಎಸ್ಟೇಟ್ ಹತ್ರ ಕಾಡಾನೆ ಇದೆ ಅಂತ ಅರಣ್ಯ ಇಲಾಖೆಯಿಂದ ಮೆಸೇಜ್ ಬರುತ್ತೆ, ನೀವು ಹೆದರಿ ಇನ್ನೊಂದು ದಾರಿ ಹಿಡೀತೀರಿ, ಆನೆ ಆ ದಾರೀಲೇ ನಿಂತಿರುತ್ತೆ. ಮೆಸೇಜ್ ನಿಮ್ಮನ್ನ ಅಲ್ಲಿಗೆ ತಳ್ಳಿತಾ? ಇಲ್ಲ. ದಾರಿ ಆರಿಸ್ಕೊಂಡಿದ್ದು ನೀವೇ. ಆದ್ರೆ ಅದು ತಪ್ಪಾ? ಅದೂ ಅಲ್ಲ, ಗೊತ್ತಿದ್ದಷ್ಟರಲ್ಲಿ ಸರಿಯಾದ್ದನ್ನೇ ಮಾಡಿದ್ರಿ. ಮುಂದೆ ಆಗೋದನ್ನ ಹೇಳೋದೇ ಬೇರೆ, ಮಾಡ್ಸೋದೇ ಬೇರೆ. ನಾನು ಮಾಡ್ದೆ ಅನ್ನೋದೂ ನಾನು ಅಪರಾಧಿ ಅನ್ನೋದೂ ಒಂದೇ ಅಲ್ಲ. ಈ ಎರಡು ಜೊತೆಗಳನ್ನ ಕಲಸಿ ಮುದ್ದೆ ಮಾಡೋದ್ರಿಂದಾನೇ ಈ ಪ್ರಶ್ನೆ ಬಗೆಹರಿಯದೆ ಉಳಿದಿರೋದು.

ಇನ್ನೊಂದು, ಗೈಡುಗಳು ಹೇಳದೇ ಇರೋದು. ಪರದೆ ಏಳೋ ಹೊತ್ತಿಗೆ ಡೆಲ್ಫಿ ಹೇಳಿದ್ದೆಲ್ಲ ಆಗಿ ವರ್ಷಗಳೇ ಕಳೆದಿವೆ. ಲೇಯಸ್‌ನ ಕೊಂದೋನು ಸಿಗದೆ ಊರಿನ ರೋಗ ಹೋಗಲ್ಲ ಅಂತ ಡೆಲ್ಫಿಯಿಂದ ಮಾತು ಬಂದ ಮೇಲೆ, ಆ ಕೊಲೆಗಾರ ಯಾರು ಅಂತ ಅವನು ವಿಚಾರಣೆ ಮಾಡೋದನ್ನ ನಾವು ನೋಡೋದು. ಇದನ್ನ ಮಾಡು ಅಂತ ಅವನ ಹಣೇಲಿ ಬರೆದಿರ್ಲಿಲ್ಲ. ಕುರುಡ ಕಾಲಜ್ಞಾನಿ ಟೈರೀಸಿಯಸ್ ನೀನು ಕುರುಡಾಗಿ ಕೋಲು ಊರ್ಕೊಂಡು ಹೋಗ್ತೀಯ ಅಂತಾನೆ ನಿಜ, ಆದ್ರೆ ಅವನೇ ಅದಕ್ಕೆ ಮುಂಚೆ ನನ್ನ ಮನೆಗೆ ಕಳಿಸ್ಬಿಡು, ಕೇಳ್ಬೇಡ ಅಂತ ಬೇಡ್ಕೊಂಡಿರ್ತಾನೆ. ಜೊಕಾಸ್ಟಾನೂ ಇನ್ನು ಸಾಕು ಅಂತಾಳೆ, ಹಸುಗೂಸಾಗಿದ್ದಾಗ ಅವನನ್ನ ಬೇರೆಯವರ ಕೈಗೆ ಕೊಟ್ಟಿದ್ದ ಕುರಿ ಕಾಯೋ ಮುದುಕನೂ ಬೇಡ ಒಡೆಯ ಅಂತಾನೆ. ಮೂರು ಬಾಗಿಲು ತೆರೆದಿದ್ವು, ಯಾವುದ್ರಲ್ಲೂ ಅವನು ಆಚೆ ಹೋಗ್ಲಿಲ್ಲ, ಯಾಕಂದ್ರೆ ಊರು ಸಾಯ್ತಿತ್ತು. ಟೈರೀಸಿಯಸ್ ಮೇಲೆ ರೇಗ್ತಾನೆ, ಭಾವಮೈದ ಕ್ರಿಯಾನ್‌ನ ಸುಮ್ಸುಮ್ನೆ ಅನುಮಾನಿಸ್ತಾನೆ, ಅದು ತಪ್ಪೇ. ಆದ್ರೆ ಅವನನ್ನ ಕೊನೆಗೆ ಒಡೆದು ಹಾಕಿದ್ದು ಅಹಂಕಾರ ಅಲ್ಲ, ನಿಜ ಗೊತ್ತಾಗೋ ತನಕ ಬಿಡಲ್ಲ ಅನ್ನೋ ಹಠ.

ಕೊನೇಲಿ ಜೊಕಾಸ್ಟಾ ನೇಣು ಹಾಕ್ಕೊಂಡಿರ್ತಾಳೆ. ಅವಳ ಉಡುಪಿಗೆ ಚುಚ್ಚಿದ್ದ ಚಿನ್ನದ ಪಿನ್ನು ಕಿತ್ತು ಅವನು ಕಣ್ಣಿಗೆ ಚುಚ್ಕೋತಾನೆ, ಒಂದು ಸಲ ಅಲ್ಲ, ಮತ್ತೆ ಮತ್ತೆ. ಯಾವ ದೇವರು ನಿನ್ನ ಕೈಲಿ ಇದನ್ನ ಮಾಡಿಸಿದ್ದು ಅಂತ ಮೇಳದವರು ಕೇಳಿದ್ರೆ, ಈ ಸಂಕಟ ತಂದಿದ್ದು ಡೆಲ್ಫಿಯ ದೇವರು ಅಪೊಲೊ, ಹೊಡೆದ ಕೈ ಮಾತ್ರ ನಂದೇ ಅಂತಾನೆ. ಉತ್ತರ ಪತ್ರಿಕೇಲಿ ಈ ಮಾತು ಬರಿ. ವಿಧಿನಾ ಅವನಾ ಅಂತ ಒಂದನ್ನ ಆರಿಸೋಕೆ ಹೋಗ್ಬೇಡ, ಅವನೇ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದಾನೆ.

ಪ್ರಶ್ನೆ: ಕರ್ಣನ ಸಾವಿಗೆ ಕಾರಣ ಯಾರು, ಶಾಪವೋ ಕುಂತಿಯೋ ಕೃಷ್ಣನೋ?

ಶಾಪದ ಪಟ್ಟಿ ಪಕ್ಕಕ್ಕಿಡಿ, ಹುಟ್ಟಿನ ಗುಟ್ಟು ತಿಳಿದ ಮೇಲೂ ಕೌರವನ ಕೈ ಬಿಡಲ್ಲ ಅಂತಾನಲ್ಲ, ಕುಮಾರವ್ಯಾಸನ ಉದ್ಯೋಗಪರ್ವದ ಆ ಭಾಗ ಓದಿ.

ಪ್ರಶ್ನೆ: ಸಮುದ್ರವೂ ಕಾಲವಶದಿಂದ ಒಮ್ಮೆ ಎಲ್ಲೆ ದಾಟುತ್ತೆ ಅಂತ ಪಂಪರಾಮಾಯಣ ಬರೆದ ನಾಗಚಂದ್ರನೇ ಹೇಳಿದಾನೆ, ಹಾಗಾದ್ರೆ ಅವನ ರಾವಣ ನಿರಪರಾಧಿನಾ?

ಅಲ್ಲ. ಸೀತೆಯನ್ನ ಕೊಡ್ಬೇಕು ಅಂತ ಮನಸ್ಸು ತಿರುಗಿದ ಮೇಲೂ, ಮೊದ್ಲು ಯುದ್ಧ ಗೆದ್ದು ಆಮೇಲೆ ಕೊಡ್ತೀನಿ ಅಂದಿದ್ದು ಅವನೇ, ಕಾಲ ಅಲ್ಲ.

ಪ್ರಶ್ನೆ: ಜನ್ನನ ಅಮೃತಮತಿಯನ್ನ ಕೆಟ್ಟವಳು ಅಂತ ಪಾಠ ಮಾಡ್ಬೇಕಾ, ಪಾಪ ವಿಧಿ ಅನ್ಬೇಕಾ? (ಶಿಕ್ಷಕಿ, ಬೇಲೂರು)

ಯಶೋಧರ ಚರಿತೆ 1209ರದ್ದು, ಜನ್ನ ನಿಮ್ಮ ಪಕ್ಕದ ಹಳೇಬೀಡಿಂದ ಆಳಿದ ವೀರಬಲ್ಲಾಳನ ಕವಿ ಮೇಡಂ, ಸ್ವಲ್ಪ ಅಕ್ಕರೆಯಿಂದ ಓದಿ. 'ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ' ಅಂತಾನೆ. ವಿಧಿ ಅಲ್ಲಿ ನೆರವಿಗೆ ಬರೋದು ಅಷ್ಟೇ, ಮೊದಲು ಹೊರಡೋದು ಮನಸ್ಸಿನ ಆಸೆ. ಮಕ್ಕಳಿಗೆ ಅವಳೊಬ್ಬಳನ್ನೇ ತೋರಿಸ್ಬೇಡಿ. ಹೆಂಡತಿ ಮಾವಟಿಗನ ಹತ್ರ ಹೋಗಿದ್ದನ್ನ ಕಣ್ಣಾರೆ ಕಂಡ ಯಶೋಧರ ತಾಯಿ ಮುಂದೆ ಕೆಟ್ಟ ಕನಸು ಬಿತ್ತು ಅಂತ ಸುಳ್ಳು ಹೇಳ್ತಾನೆ, ಅದಕ್ಕೇ ತಾಯಿ ಬಲಿ ಕೊಡು ಅನ್ನೋದು, ಕೊನೆಗೆ ಹಿಟ್ಟಿನ ಕೋಳಿ ಕಡಿದ್ರೆ ಅದೂ ಕೂಗುತ್ತೆ. ಆ ಸುಳ್ಳನ್ನ ಯಾವ ವಿಧಿ ಹೇಳಿಸ್ತು ಅಂತ ಕ್ಲಾಸಲ್ಲಿ ಕೇಳಿ ನೋಡಿ.

ಪ್ರಶ್ನೆ: ನಾನು ಮಾತ್ರೆ ತನ್ನಿ ಅಂದಿದ್ದಕ್ಕೆ ನಮ್ಮನೆಯವರು ಮಳೇಲಿ ಬೈಕ್ ತಗೊಂಡು ಹೋದ್ರು, ವಾಪಸ್ ಬರ್ಲಿಲ್ಲ. ಜೋಯಿಸರು ನಿನ್ನ ಜಾತಕದ ದೋಷದಿಂದ ಹೀಗಾಯ್ತು, ಶಾಂತಿ ಮಾಡಿಸು ಅಂತಾರೆ. ನಿದ್ದೆ ಬರ್ತಿಲ್ಲ. (ಹೆಸರು ಬೇಡ)

ಅಮ್ಮಾ, ಆ ಮನುಷ್ಯ ಹಣೆಬರಹ ಅಂತಾನೂ ಹೇಳ್ತಾನೆ, ನಿಮ್ಮ ದೋಷ ಅಂತಾನೂ ಹೇಳ್ತಾನೆ, ದುಡ್ಡು ಕೊಟ್ರೆ ಸರಿ ಹೋಗುತ್ತೆ ಅಂತಾನೂ ಹೇಳ್ತಾನೆ. ಈ ಮೂರೂ ಒಟ್ಟಿಗೆ ನಿಜ ಆಗೋಕೆ ಸಾಧ್ಯಾನೇ ಇಲ್ಲ. ದುಃಖದಲ್ಲಿರೋ ಹೆಣ್ಣುಮಗಳ ತಲೆ ಮೇಲೆ ಸಾವನ್ನ ಹೊರಿಸಿ ಹೊಟ್ಟೆ ಹೊರ್ಕೊಳ್ಳೋರನ್ನ ಹೊಸ್ತಿಲು ದಾಟಿಸ್ಬೇಡಿ.

ಸೊಫೋಕ್ಲಿಸ್ 90ರ ಹತ್ತಿರ ಇದ್ದಾಗ ಮುದುಕನಾದ ಈಡಿಪಸ್‌ನ ಮೇಲೆ ಇನ್ನೊಂದು ನಾಟಕ ಬರೆದ. ಅದ್ರಲ್ಲಿ ಕ್ರಿಯಾನ್ ಅಪ್ಪನ್ನ ಕೊಂದೋನು ಅಂತ ಹಂಗಿಸಿದಾಗ ಈಡಿಪಸ್ ಕೇಳ್ತಾನೆ, ಈಗ ಯಾರೋ ಬಂದು ನಿನ್ನ ಕೊಲ್ಲೋಕೆ ಕೈ ಎತ್ತಿದ್ರೆ ನೀನು ನಮ್ಮಪ್ಪನಾ ಅಂತ ವಿಚಾರಿಸ್ತೀಯಾ, ತಿರುಗಿಸಿ ಹೊಡೀತೀಯಾ? ನಿಮಗೂ ಅಷ್ಟೇ ಅಮ್ಮ, ಮಾತ್ರೆ ಬೇಕಿತ್ತು, ತನ್ನಿ ಅಂದ್ರಿ, ಆ ಹೊತ್ತಲ್ಲಿ ನಿಮಗೆ ಗೊತ್ತಿದ್ದದ್ದು ಅಷ್ಟು ಮಾತ್ರ. ನಿದ್ದೆ ಇಲ್ಲದ್ದಕ್ಕೆ ನಾಟಕ ಮದ್ದಲ್ಲ, ನಾನು ಡಾಕ್ಟರೂ ಅಲ್ಲ. ಮನೋವೈದ್ಯರನ್ನ ನೋಡಿ, ಅಲ್ಲೀ ತನಕ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೇಳಲ್ಲ. ಶಾಂತಿಗೆ ಅಡ್ವಾನ್ಸ್ ಕೊಟ್ಟಿದ್ರೆ ಅಣ್ಣನೋ ತಮ್ಮನೋ ಜೊತೇಲಿ ಹೋಗಿ ವಾಪಸ್ ಇಸ್ಕೊಳ್ಳಿ.