ಅಮ್ಮನ ಸಿಟಿಜನ್‌ಶಿಪ್ ಟೆಸ್ಟು ಕನ್ನಡದಲ್ಲಿ ಆಗುತ್ತಾ?

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 61 ವರ್ಷ, ನನ್ನ ಜೊತೆ ನ್ಯೂಜೆರ್ಸಿಯಲ್ಲಿದ್ದಾರೆ, ಗ್ರೀನ್ ಕಾರ್ಡ್ ಬಂದು 16 ವರ್ಷ ಆಯ್ತು. ಮುಂದಿನ ತಿಂಗಳು ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕ್ತಿದೀವಿ. ಸಿವಿಕ್ಸ್‌ದು (ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಕೇಳೋದು) 128 ಪ್ರಶ್ನೆನೂ ಇಂಗ್ಲಿಷಲ್ಲಿ ಬಾಯಿಪಾಠ ಮಾಡಿಸ್ತಿದೀನಿ, ಬೆಳಿಗ್ಗೆ ಹೇಳಿದ್ದು ಸಂಜೆಗೆ ಮರೆತುಹೋಗುತ್ತೆ, ನನ್ನ ಕೈಲಾಗಲ್ಲ ಬಿಡೋ ಅಂತ ಕಣ್ಣೀರು ಹಾಕ್ತಾರೆ. ಏನ್ ಮಾಡ್ಲಿ?

ಉತ್ತರ: ಇಂಗ್ಲಿಷ್ ಬಾಯಿಪಾಠ ಇವತ್ತೇ ನಿಲ್ಲಿಸಿ. ಅರ್ಜಿ ಹಾಕೋ ದಿನಕ್ಕೆ 55 ತುಂಬಿ, ಗ್ರೀನ್ ಕಾರ್ಡ್ ಮೇಲೆ 15 ವರ್ಷ ಅಮೆರಿಕದಲ್ಲಿದ್ದವರಿಗೆ ಇಂಗ್ಲಿಷ್ ಪರೀಕ್ಷೆನೇ ಇಲ್ಲ, ಓದಿಸೋದೂ ಇಲ್ಲ ಬರೆಸೋದೂ ಇಲ್ಲ (50 ದಾಟಿ 20 ವರ್ಷ ಇದ್ದವರಿಗೂ ಹೀಗೇ). ಸಿವಿಕ್ಸ್ ಮಾತ್ರ ತಪ್ಪಲ್ಲ, ಆದ್ರೆ ಅದನ್ನ ಕನ್ನಡದಲ್ಲೇ ಹೇಳಬಹುದು, ಎರಡೂ ಭಾಷೆ ಚೆನ್ನಾಗಿ ಬರೋ ದುಭಾಷಿನ ನೀವೇ ಕರ್ಕೊಂಡು ಹೋಗ್ಬೇಕು ಅಷ್ಟೇ.

ಎಲ್ಲಾ ಬಾಯಿಮಾತಿನ ಪ್ರಶ್ನೆಗಳೇ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ 128ರಲ್ಲಿ 20 ಕೇಳ್ತಾರೆ, 12 ಸರಿಯಾದ್ರೆ ಪಾಸು.

ಇನ್ನು ಕಲಿಸೋದು. ಅಮ್ಮನಿಗೆ ಗೊತ್ತಿರೋದರ ಪಕ್ಕದಲ್ಲಿಟ್ಟು ಹೇಳಿ, ಆಗ ಮರೆಯಲ್ಲ. ಸೆನೆಟರ್ (ಅಮೆರಿಕ ಸಂಸತ್ತಿನ ಮೇಲ್ಮನೆ ಮೆಂಬರ್) ಅವಧಿ 6 ವರ್ಷ, ನಮ್ಮ ರಾಜ್ಯಸಭೆ ಮೆಂಬರ್‌ದೂ ಅಷ್ಟೇ, ಆದ್ರೆ ರಾಜ್ಯಸಭೆಗೆ ಕರ್ನಾಟಕದಿಂದ 12 ಜನ ಹೋಗ್ತಾರೆ, ಅಲ್ಲಿ ಸ್ಟೇಟ್ ದೊಡ್ಡದಿರಲಿ ಚಿಕ್ಕದಿರಲಿ ಇಬ್ಬರೇ, ಅದಕ್ಕೇ 50 ಸ್ಟೇಟಿಗೆ 100 ಸೆನೆಟರ್. ಗವರ್ನರ್ ಅಂದ ತಕ್ಷಣ ನಮ್ಮವರಿಗೆ ರಾಜ್ಯಪಾಲರು ನೆನಪಾಗ್ತಾರೆ, ಅಲ್ಲಿ ಹಾಗಲ್ಲ, ಜನ ಓಟು ಹಾಕಿ ಆರಿಸೋರು, ನಮ್ಮ ಮುಖ್ಯಮಂತ್ರಿ ಥರ ಅನ್ಕೊಳ್ಳಿ ಅಂತ ಹೇಳಿ. ಗವರ್ನರ್ ಯಾರು, ಸೆನೆಟರ್ ಯಾರು ಅನ್ನೋ ಹೆಸರುಗಳನ್ನ ಮಾತ್ರ ಇಂಟರ್‌ವ್ಯೂ ಹಿಂದಿನ ವಾರ ಒಮ್ಮೆ ನೋಡ್ಕೊಳ್ಳಿ, ಆ ದಿನ ಯಾರಿದ್ದಾರೋ ಅವರ ಹೆಸರೇ ಹೇಳ್ಬೇಕು.

ಅಮೆರಿಕದ ಸಂವಿಧಾನ ವಿ ದ ಪೀಪಲ್ ಅಂತ ಶುರುವಾಗುತ್ತೆ, ನಮ್ಮ ಪೀಠಿಕೆನೂ ಹಾಗೇ. ಹಳೇ ಟೆಸ್ಟಲ್ಲಿ ಆ ಮೂರು ಪದ ಯಾವ್ದು ಅಂತ ಕೇಳ್ತಿದ್ರು, ಹೊಸದ್ರಲ್ಲಿ ಅದರ ಅರ್ಥ ಏನು ಅಂತ ಇದೆ, ಜನ ತಮ್ಮನ್ನ ತಾವೇ ಆಳಿಕೊಳ್ಳೋದು ಅಂದ್ರೆ ಸಾಕು. ಊರಲ್ಲಿ ಕ್ಯೂ ನಿಂತು ಬೆರಳಿಗೆ ಶಾಯಿ ಹಾಕಿಸ್ಕೊಂಡು ಬಂದವರಿಗೆ ಇದನ್ನ ಬಾಯಿಪಾಠ ಮಾಡಿಸೋದೇನಿದೆ ಹೇಳಿ.

ಒಂದ್ಸಲ ತಪ್ಪಿದ್ರೂ 60ರಿಂದ 90 ದಿನದೊಳಗೆ ಇನ್ನೊಂದ್ಸಲ ಕರೀತಾರೆ, ಇದನ್ನ ಅಮ್ಮನಿಗೆ ಮೊದಲೇ ಹೇಳಿಬಿಡಿ, ಅರ್ಧ ಭಯ ಅಲ್ಲೇ ಹೋಗುತ್ತೆ. ಮತ್ತೆ ದುಭಾಷಿ ಜೊತೆ ಎರಡ್ಮೂರು ಸಲ ಅಭ್ಯಾಸ ಮಾಡಿಸಿ, ಅವರು ಶಾಸಕಾಂಗ ನ್ಯಾಯಾಂಗ ಅಂತ ಪುಸ್ತಕದ ಕನ್ನಡ ಶುರುಮಾಡಿದ್ರೆ ಅಮ್ಮ ಮತ್ತೆ ಗಾಬರಿ ಬೀಳ್ತಾರೆ, ಕೋರ್ಟು ಅಂದ್ರೆ ಥಟ್ಟಂತ ಉತ್ತರ ಬರುತ್ತೆ.