ಒಂದೇ ಪ್ರೋಟೊಕಾಲ್, ಎರಡು ಲ್ಯಾಬ್: ಟಿ ಕೋಶಗಳು ನಮ್ಮಲ್ಲಿ ಮಾತ್ರ ಸೊರಗುವುದೇಕೆ?

ರಕ್ತದಿಂದ ಬೇರ್ಪಡಿಸಿದ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಬೆಂಗಳೂರಿನ ಗೆಳತಿಯ ಲ್ಯಾಬಿನಲ್ಲಿ ಹುಲುಸಾಗಿ ಬೆಳೆಯುತ್ತವೆ, ಅದೇ ಪ್ರೋಟೊಕಾಲ್ ಹಿಡಿದರೂ ದಾವಣಗೆರೆಯ ನಿಮ್ಮ ಲ್ಯಾಬಿನಲ್ಲಿ ಸೊರಗುತ್ತವೆ, ನನ್ನ ಕೈಯೇ ಸರಿಯಿಲ್ಲವೇ ಅಂತ ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿ ಕಲ್ಚರ್ ಕೆಲಸ ಮಾಡುವವನು. ಕೈಯನ್ನು ಬೈದುಕೊಳ್ಳುವ ಮೊದಲು ಬಾಟಲಿಯಲ್ಲಿ ಏನಿದೆ ನೋಡಿ.

ನನ್ನ ಮೊದಲ ಅನುಮಾನ ಸೀರಂ ಮೇಲೆ. ಕರುವಿನ ಭ್ರೂಣದ ರಕ್ತದಿಂದ ತೆಗೆದ ಸೀರಂ ಅದು; ಒಂದು ಲಾಟ್‌ನಲ್ಲಿದ್ದ (ಒಂದು ಸಲಕ್ಕೆ ತಯಾರಾದ ಕಂತಿನಲ್ಲಿದ್ದ) ಹಾರ್ಮೋನು, ಪ್ರೋಟೀನುಗಳ ಪ್ರಮಾಣ ಇನ್ನೊಂದರಲ್ಲಿ ಇರುವುದಿಲ್ಲ. ಪ್ರೋಟೊಕಾಲ್‌ನಲ್ಲಿ '10% ಸೀರಂ' ಎಂದಷ್ಟೇ ಇರುತ್ತದೆ, ಯಾವ ಲಾಟ್ ಅಂತ ಯಾರೂ ಬರೆಯುವುದಿಲ್ಲ. ಎರಡನೆಯದು ಗ್ಲುಟಮಿನ್, ಅಂದರೆ ಮೀಡಿಯಾದಲ್ಲಿ (ಕೋಶ ಬೆಳೆಸುವ ಪೋಷಕ ದ್ರಾವಣದಲ್ಲಿ) ಕೋಶಗಳಿಗೆ ಆಹಾರವಾಗಿರುವ ಒಂದು ಅಮೈನೋ ಆಮ್ಲ. ಬಿಸಿ ತಾಗಿದಷ್ಟೂ ಬೇಗ ಒಡೆದು ಅಮೋನಿಯಾ ಬಿಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಂದ ಪಾರ್ಸೆಲ್‌ನ ಐಸ್ ಪ್ಯಾಕ್ ಕರಗಿ ನೀರಾಗಿದ್ದರೆ ಆ ಮೀಡಿಯಾವನ್ನು ನಾನಂತೂ ನಂಬುವುದಿಲ್ಲ.

ಮೀಡಿಯಾದ ಬಣ್ಣವನ್ನೂ ಗಮನಿಸಿ. ಕರೆಂಟ್ ಹೋಗಿ ಇನ್‌ಕ್ಯುಬೇಟರ್‌ಗೆ ಕಾರ್ಬನ್ ಡೈಆಕ್ಸೈಡ್ ನಿಂತರೆ, ಇಲ್ಲವೇ ಸಿಲಿಂಡರ್ ಖಾಲಿಯಾದರೆ, ಮೀಡಿಯಾ ಕ್ಷಾರೀಯವಾಗಿ ಗುಲಾಬಿಗೆ ತಿರುಗುತ್ತದೆ. ಹಳದಿಯಾದರೆ ಕೋಶಗಳು ಕಿಕ್ಕಿರಿದು ಲ್ಯಾಕ್ಟಿಕ್ ಆಮ್ಲ ತುಂಬಿದೆ ಅಂತ. ಮಿಲಿಲೀಟರಿಗೆ 5ರಿಂದ 10 ಲಕ್ಷ ಕೋಶಗಳ ಆಸುಪಾಸಿಗೆ ತಿಳಿಯಾಗಿಸಿ.

ಆದರೆ ಗೆಳತಿಯ ಲ್ಯಾಬಿನ 'ಹುಲುಸು' ಕೂಡ ಸಹಜ ಬೆಳವಣಿಗೆ ಅಂದುಕೊಳ್ಳಬೇಡಿ. ಟಿ ಕೋಶಗಳಿಗೆ ಹೆಚ್ಚಾಗಿ ಬಳಸುವ ಆರ್‌ಪಿಎಂಐ 1640 ಎಂಬ ಮೀಡಿಯಾ ಅಮೆರಿಕದ ರಾಸ್ವೆಲ್ ಪಾರ್ಕ್ ಸಂಸ್ಥೆಯಲ್ಲಿ 1960ರ ದಶಕದಲ್ಲಿ ತಯಾರಾದದ್ದು, ರಕ್ತದ ನಕಲಲ್ಲ. ಅದರಲ್ಲಿ ಗ್ಲೂಕೋಸ್ ಲೀಟರಿಗೆ 2 ಗ್ರಾಂ. ಆರೋಗ್ಯವಂತರ ರಕ್ತದಲ್ಲಿ ಬರಿಹೊಟ್ಟೆಯಲ್ಲಿ ಸುಮಾರು 0.9 ಗ್ರಾಂ. ಕ್ಯಾಲ್ಸಿಯಂ ಲೆಕ್ಕ ತಿರುಗುಮುರುಗು: ಮೀಡಿಯಾದಲ್ಲಿ 0.4 ಮಿಲಿಮೋಲಾರ್, ರಕ್ತದಲ್ಲಿ ಒಟ್ಟು 2.4ರ ಹತ್ತಿರ. ಹೊರಗಿನಿಂದ ಒಳನುಗ್ಗುವ ಕ್ಯಾಲ್ಸಿಯಂ ಇಲ್ಲದೆ ಟಿ ಕೋಶ ಸರಿಯಾಗಿ ಸಕ್ರಿಯವಾಗುವುದೇ ಇಲ್ಲ! ಮನುಷ್ಯರ ಪ್ಲಾಸ್ಮಾವನ್ನು ಹೋಲುವ ಮೀಡಿಯಾದಲ್ಲಿ ಟಿ ಕೋಶಗಳು ಹೆಚ್ಚು ಚುರುಕಾಗಿ ಸಕ್ರಿಯವಾಗುತ್ತವೆ, ಅದಕ್ಕೆ ಮುಖ್ಯ ಕಾರಣ ಕ್ಯಾಲ್ಸಿಯಂ ಎಂದು 2020ರ ಅಧ್ಯಯನವೊಂದು ತೋರಿಸಿತು. ಆಮ್ಲಜನಕವೂ ಹಾಗೆಯೇ, ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲಿ ದುಗ್ಧಗ್ರಂಥಿಗಳಿಗಿಂತ ಎಷ್ಟೋ ಪಾಲು ಹೆಚ್ಚು.

ಸೈಟೊಕೈನ್ (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನು) ಆಯ್ಕೆಯಲ್ಲಂತೂ ಕೋಶದ ಸ್ವಭಾವವೇ ಬದಲಾಗುತ್ತದೆ. ಐಎಲ್-2 ಎಂಬ ಸೈಟೊಕೈನ್ ಹೆಚ್ಚು ಕೊಟ್ಟರೆ ಸಂಖ್ಯೆ ಏರುತ್ತದೆ, ಆದರೆ ಕೋಶಗಳು ಬೇಗ ಪಕ್ವವಾಗಿ ದಣಿಯುತ್ತವೆ. ಐಎಲ್-7, ಐಎಲ್-15 ಕೊಟ್ಟರೆ ನೆನಪಿನ ಕೋಶಗಳ (ಒಮ್ಮೆ ಎದುರಾದ ಶತ್ರುವನ್ನು ನೆನಪಿಟ್ಟು ದೀರ್ಘಕಾಲ ಬಾಳುವ ಟಿ ಕೋಶಗಳ) ಗುಣ ಹೆಚ್ಚು ಉಳಿಯುತ್ತದೆ. 2023ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಕಾರ್-ಟಿ ಚಿಕಿತ್ಸೆಗೆ (ರೋಗಿಯ ಟಿ ಕೋಶಗಳನ್ನೇ ಮಾರ್ಪಡಿಸಿ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆಗೆ) ಅನುಮತಿ ಸಿಕ್ಕಿತಲ್ಲ, ಅಂಥ ಚಿಕಿತ್ಸೆಯಲ್ಲಿ ರೋಗಿಯ ದೇಹದೊಳಗೆ ಕೋಶ ಎಷ್ಟು ಕಾಲ ಬಾಳುತ್ತದೆ ಅನ್ನುವುದು ಬಲು ಮುಖ್ಯ. ಹಾಗಾಗಿ ಎಣಿಕೆಯೊಂದನ್ನೇ ನೋಡಬೇಡಿ, ಫ್ಲೋ ಸೈಟೊಮೆಟ್ರಿ (ಕೋಶಗಳ ಮೇಲಿನ ಗುರುತುಗಳನ್ನು ಲೇಸರ್ ಬೆಳಕಿನಿಂದ ಪತ್ತೆಮಾಡುವ ವಿಧಾನ) ಸೌಲಭ್ಯ ಸಿಕ್ಕರೆ ನೆನಪಿನ ಗುರುತುಗಳನ್ನೂ ನೋಡಿ.

ಈಗ ಮಾಡಬೇಕಾದದ್ದು ಒಂದೇ. ಗೆಳತಿಯ ಸೀರಂ, ಮೀಡಿಯಾ ಸ್ವಲ್ಪ ತರಿಸಿಕೊಂಡು, ಒಬ್ಬರದೇ ರಕ್ತದ ಕೋಶಗಳನ್ನು ಎರಡು ಪಾಲು ಮಾಡಿ. ಒಂದಕ್ಕೆ ಅವರದ್ದು, ಇನ್ನೊಂದಕ್ಕೆ ನಿಮ್ಮದು. ಇನ್‌ಕ್ಯುಬೇಟರ್ ಒಂದೇ ಇರಲಿ. ಎರಡೂ ಸೊರಗಿದರೆ ಇನ್‌ಕ್ಯುಬೇಟರ್ ಪರೀಕ್ಷಿಸಿ, ನಿಮ್ಮ ಪಾಲು ಮಾತ್ರ ಸೊರಗಿದರೆ ಲಾಟ್ ಬದಲಿಸಿ.